ನಡುವಿನ ಪೆಡಲು

ನಮ್ಮನೆಯವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಈಗ ಅವರ ಲೈಸೆನ್ಸಿನ ಮೇಲೆ ಬಿಟ್ಟರೆ ಬೇರೆಲ್ಲೂ ಉಳಿದಿಲ್ಲ. ಊರಿಗೆಲ್ಲ ಅವರು ಕ್ಲಚ್ ಮೇಷ್ಟ್ರು. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಯಲು ಬಂದವರ ಪಕ್ಕ ಕೂತು ಬೆಳಗಿನಿಂದ ಸಂಜೆಯವರೆಗೆ "ಕ್ಲಚ್, ಕ್ಲಚ್" ಎಂದು ಬಾಯಿ ಬಡಿದುಕೊಂಡದ್ದರ ಫಲ ಅದು. ಅದರಲ್ಲಿ ನನಗೂ ಪಾಲು ಸಿಕ್ಕಿದೆ, ತರಕಾರಿ ಅಂಗಡಿಯಲ್ಲಿ ನಾನು ಕ್ಲಚ್ ಮೇಡಂ. ಮಕ್ಕಳ ಯೂನಿಫಾರ್ಮು ಹೊಲಿದು ಹೊಲಿದು ಬೆನ್ನು ಬಗ್ಗಿಸಿಕೊಂಡವಳು ನಾನು. ಅರ್ಧ ಊರಿನ ಮಕ್ಕಳು ನನ್ನ ಕೈಯ ಗುಂಡಿಗಳನ್ನೇ ಕಿತ್ತು ಬೀಳಿಸಿ ದೊಡ್ಡವರಾದದ್ದು. ಆದರೂ ನನ್ನ ಮಿಷನ್ನಿನ ಹೆಸರು ಹಿಡಿದು ನನ್ನನ್ನು ಕರೆದವರು ಈವರೆಗೆ ಹುಟ್ಟಿಲ್ಲ.

ಡ್ರೈವಿಂಗ್ ಕಲಿಸುವವರ ಜೊತೆ ಸಂಸಾರ ಮಾಡುವುದು ಹುಡುಗಾಟವಲ್ಲ. ಬಸ್ಸಿನಲ್ಲಿ ಕೂತರೆ ಮುಂದಿನ ಸೀಟಿನ ಕಾಲಿಗೆ ಒದೆಯುತ್ತಾರೆ, ಅಲ್ಲಿ ಕೂತವರು ತಿರುಗಿ ನನ್ನನ್ನು ಗುರಾಯಿಸುತ್ತಾರೆ. ಟಿವಿಯಲ್ಲಿ ಕಾರೊಂದು ಜೋರಾಗಿ ಬಂದರೆ ಸಾಕು, ಇವರ ಬಲಗಾಲು ನೆಲಕ್ಕೆ ಒತ್ತಿಕೊಳ್ಳುತ್ತದೆ. ನಾನು ಸ್ವಲ್ಪ ದನಿ ಏರಿಸಿದರೆ ಎಡಗಾಲು ಒತ್ತಿಕೊಳ್ಳುತ್ತದೆ, ಅದು ಕ್ಲಚ್ಚು. ಎಂಜಿನ್ನು ಎಷ್ಟು ಬೇಕಾದರೂ ಕೂಗಿಕೊಳ್ಳಲಿ, ಗಾಡಿ ಕದಲುವುದಿಲ್ಲ ಎಂದು ಅರ್ಥ. ಮದುವೆಯಾದ ಹೊಸದರಲ್ಲಿ ನನಗೆ ಇದು ತಿಳಿದಿರಲಿಲ್ಲ. ನನ್ನ ಮಾತನ್ನು ಇಷ್ಟು ಶಾಂತವಾಗಿ ಕೇಳುವ ಗಂಡ ಸಿಕ್ಕಿದನಲ್ಲ ಎಂದು ಹಿಗ್ಗಿದ್ದೆ.

ಇದನ್ನೆಲ್ಲ ಸಹಿಸಿಕೊಂಡು ಹೋಗಬಹುದಿತ್ತು. ಸಹಿಸಲಾಗದೇ ಇದ್ದದ್ದು ಆ ಕಾರು.

ಮೀಸೆ ಆಗಷ್ಟೇ ಮೂಡಿದ್ದ ವಯಸ್ಸಿನಲ್ಲಿ ಇವರು ಹೆರಿಗೆ ಡಾಕ್ಟರಮ್ಮ ಒಬ್ಬರ ಮನೆಗೆ ಕಾರು ತೊಳೆಯುವ ಕೆಲಸಕ್ಕೆ ಸೇರಿದರಂತೆ. ಕಾರು ಆಗಲೇ ಹಳೆಯದು, ಡಾಕ್ಟರಮ್ಮನ ಅಪ್ಪನ ಕಾಲದ್ದು, ಹಡಗಿನಲ್ಲಿ ಬಂದಿಳಿದದ್ದು. ಅದನ್ನು ಮಾಡಿದ ಕಂಪನಿ ಬಾಗಿಲು ಹಾಕಿ ಎಷ್ಟೋ ವರ್ಷವಾಗಿತ್ತು, ಅಂಥ ಇನ್ನೊಂದು ಕಾರು ಸುತ್ತಮುತ್ತ ಎಲ್ಲೂ ಇರಲಿಲ್ಲ. ಕಡು ಹಸಿರು ಬಣ್ಣ, ಉದ್ದನೆಯ ಮೂಗು, ಹತ್ತಿ ನಿಲ್ಲಲು ಎರಡೂ ಪಕ್ಕದಲ್ಲಿ ಹಲಗೆ, ಕಪ್ಪೆಯ ಕಣ್ಣಿನ ಹಾಗೆ ಹೊರಗೆ ಚಾಚಿದ ದೀಪ. ಇಷ್ಟು ಹೇಳಿ ನಿಲ್ಲಿಸಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಇವರು ನಿಲ್ಲಿಸುತ್ತಿರಲಿಲ್ಲ. ಆ ಕಾರಿನ ಆಕ್ಸಿಲರೇಟರು ನಡುವೆ ಇತ್ತು ಅನ್ನುತ್ತಿದ್ದರು.

ಕಾರು ಓಡಿಸದವರ ಸಲುವಾಗಿ ಹೇಳುತ್ತೇನೆ. ಕಾರಿನಲ್ಲಿ ಕಾಲ ಬುಡದಲ್ಲಿ ಮೂರು ಪೆಡಲು ಇರುತ್ತವೆ. ಎಡಕ್ಕಿರುವುದು ಕ್ಲಚ್ಚು, ನಡುವಿನದು ನಿಲ್ಲಿಸುವ ಬ್ರೇಕು, ಬಲಕ್ಕಿರುವುದು ಓಡಿಸುವ ಆಕ್ಸಿಲರೇಟರು. ನಾನು ಸ್ಟೇರಿಂಗು ಹಿಡಿದವಳಲ್ಲ, ನನಗೇ ಇಷ್ಟು ಗೊತ್ತು. ಇವರ ಕಾರಿನಲ್ಲಿ ಮಾತ್ರ ನಡುವಿನದನ್ನು ಒತ್ತಿದರೆ ಓಡುತ್ತಿತ್ತಂತೆ, ಬಲಗಡೆಯದನ್ನು ಒತ್ತಿದರೆ ನಿಲ್ಲುತ್ತಿತ್ತಂತೆ. ಬೇರೆ ಡ್ರೈವರುಗಳು ಹತ್ತಿದರೆ ಬ್ರೇಕೆಂದು ನಡುವಿನದನ್ನು ಒತ್ತಿ ಸೀದಾ ಗೋಡೆಗೆ ಹೋಗಿ ಮುತ್ತಿಡುತ್ತಿದ್ದರಂತೆ. ಇವರಿಗೆ ಕಾರು ಕಲಿಸಿದ್ದೇ ಡಾಕ್ಟರಮ್ಮ, ಅದೂ ಅದೇ ಕಾರಿನಲ್ಲಿ. ಹಾಗಾಗಿ ಅದನ್ನು ಓಡಿಸಬಲ್ಲವರು ಲೋಕದಲ್ಲಿ ಇಬ್ಬರೇ, ಒಬ್ಬರು ಡಾಕ್ಟರಮ್ಮ, ಇನ್ನೊಬ್ಬರು ಸಾಕ್ಷಾತ್ ನಮ್ಮನೆಯವರು. ಡಾಕ್ಟರಮ್ಮ ತೀರಿಕೊಂಡರು. ನೆಂಟರು ಬಂದು ಕಾರನ್ನು ಯಾರಿಗೋ ಮಾರಿದರು. ಒಂದು ಫೋಟೋ ಕೂಡ ಉಳಿಯಲಿಲ್ಲ.

ಈ ಕತೆಯನ್ನು ಇವರು ಕಲಿಯಲು ಬಂದ ಪ್ರತಿಯೊಬ್ಬರಿಗೂ ಮೊದಲ ದಿನವೇ ಹೇಳುತ್ತಿದ್ದರು. ಹೇಳಿ, "ನಿಮ್ಮ ಪುಣ್ಯ, ನಿಮಗೆ ಬ್ರೇಕು ನಡುವೆ ಇದೆ" ಎಂದು ಮುಗಿಸುತ್ತಿದ್ದರು. ಆಮೇಲಿನ ಪಾಠ ಒಂದೇ: ಕಾಲು ನೋಡಬಾರದು. ರಸ್ತೆ ನೋಡು, ಪೆಡಲನ್ನು ಕಾಲು ನೋಡಿಕೊಳ್ಳುತ್ತೆ. ಯಾರಾದರೂ ತಲೆ ತಗ್ಗಿಸಿದರೆ ಕೈಯಲ್ಲಿದ್ದ ಸ್ಕೇಲು ಗಲ್ಲದ ಕೆಳಗೆ ಬಂದು ತಲೆಯನ್ನು ಎತ್ತುತ್ತಿತ್ತು. ಬ್ಯಾಂಕಿನ ಮ್ಯಾನೇಜರೊಬ್ಬರ ಗಲ್ಲವನ್ನೂ ಹಾಗೆ ಎತ್ತಿದವರು ಇವರು.

ಸ್ಕೂಲು ನನ್ನ ಅಣ್ಣನದು. ಅವನಿಗೆ ಇವರು ಭಾವ, ಇವರಿಗೆ ಅವನು ಭಾವ, ಒಬ್ಬರನ್ನೊಬ್ಬರು ಬಹುವಚನದಲ್ಲೇ ತಿವಿಯುತ್ತಾರೆ. ಅಂಥ ಕಾರು ಭೂಮಿಯ ಮೇಲೆ ಇರಲೇ ಇಲ್ಲ ಎಂದು ಅಣ್ಣನ ವಾದ. ಆ ವಾದ ಎಷ್ಟು ಹಳೆಯದಾಯಿತೆಂದರೆ ನಮ್ಮ ಮನೆಗಳಲ್ಲಿ ಸುಳ್ಳಿಗೆ ಬೇರೆ ಹೆಸರೇ ಬಂತು. ಯಾರಾದರೂ ಬಾಯಿಗೆ ಬಂದದ್ದು ಹೇಳಿದರೆ "ಇದೇನು, ನಡುವಿನ ಪೆಡಲಾ?" ಎಂದು ಕೇಳುವುದು ರೂಢಿಯಾಯಿತು. ನನ್ನ ಮಗಳು ಕಾಲೇಜಿನಿಂದ ತಡವಾಗಿ ಬಂದು ಬಸ್ಸು ಸಿಗಲಿಲ್ಲ ಎಂದಾಗ ನಾನೂ ಅದನ್ನೇ ಕೇಳಿದ್ದೇನೆ, ಇವರ ಎದುರಿಗೇ. ಇವರು ನಗುತ್ತಿದ್ದರು. ನಗುತ್ತಿದ್ದರು ಎಂದೇ ನಾನು ತಿಳಿದಿದ್ದೆ.

ಹೀಗೇ ನಡೆದುಕೊಂಡು ಹೋಗುತ್ತಿತ್ತೋ ಏನೋ. ಅಷ್ಟರಲ್ಲಿ ಗೇಟು ಮುರಿಯಿತು.

ಬಣ್ಣದ ಅಂಗಡಿಯವರ ಸೊಸೆ ಕಲಿಯಲು ಬರುತ್ತಿದ್ದಳು. ಆಟದ ಮೈದಾನದ ಹತ್ತಿರ ರಸ್ತೆಗೆ ಒಂದು ಹಂಪ್ ಹಾಕಿದ್ದಾರೆ, ಅದನ್ನು ದಾಟಿದ ಕೂಡಲೇ ತಿರುವು. ಆ ಹುಡುಗಿ ಹಂಪ್ ದಾಟಿದಳು, ಗಾಬರಿಯಾದಳು, ಬ್ರೇಕಿನ ಬದಲು ಆಕ್ಸಿಲರೇಟರು ಒತ್ತಿದಳು. ಕಾರು ಹೋಗಿ ಮೈದಾನದ ಗೇಟನ್ನು ಮಡಚಿ ಒಳಗೆ ನಿಂತಿತು. ಯಾರಿಗೂ ಒಂದು ಗೀರು ಕೂಡ ಆಗಲಿಲ್ಲ. ಹುಡುಗಿ ತಪ್ಪು ತನ್ನದೇ ಎಂದು ಅತ್ತುಕೊಂಡು ಒಪ್ಪಿಕೊಂಡಳು. ಕಲಿಯುವವರು ತಪ್ಪು ಮಾಡುತ್ತಾರೆ ಎಂದೇ ಅಲ್ಲವೇ ಸ್ಕೂಲ್ ಕಾರಿನಲ್ಲಿ ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕು ಇಟ್ಟಿರುವುದು? ಹಾಗಾದರೆ ಮೇಷ್ಟ್ರು ಏನು ಮಾಡುತ್ತಿದ್ದರು ಎಂಬ ಪ್ರಶ್ನೆ ಬಂತು.

ಇವರು ಹೇಳಿದ್ದು ಇಷ್ಟು. ತಾನು ಬ್ರೇಕು ಒತ್ತಿದೆ, ಅದು ಹಿಡಿಯಲಿಲ್ಲ, ಖಾಲಿ ನೆಲಕ್ಕೆ ಹೋಯಿತು. ಹಂಪ್ ಹಾರಿದ ಮೇಲೆ ಹಿಂದೆಯೂ ಒಂದೆರಡು ಸಲ ಹಾಗಾಗಿದೆ, ಎರಡೂ ಬ್ರೇಕನ್ನು ಜೋಡಿಸುವ ಕೇಬಲ್ಲಿನ ಕೊಕ್ಕೆ ಸಡಿಲ ಇರಬೇಕು. ಅಣ್ಣ ಕಾರನ್ನು ಸ್ಕೂಲಿನ ಮುಂದೆ ನಿಲ್ಲಿಸಿಕೊಂಡು ಆ ಬ್ರೇಕನ್ನು ಕಾಲಲ್ಲಿ ಒತ್ತಿದ, ಕೈಯಲ್ಲಿ ಒತ್ತಿದ, ಅಂಗಳದಲ್ಲಿ ನಾಲ್ಕು ಸುತ್ತು ಹೊಡೆಸಿ ಮತ್ತೆ ಒತ್ತಿದ. ಪ್ರತಿ ಸಲವೂ ಹಿಡಿಯಿತು. "ಬ್ರೇಕ್ ಏನು ನೆಂಟರಾ ಭಾವ, ಮನಸ್ಸು ಬಂದಾಗ ಬರೋಕೆ?" ಅಂದ.

ಅವತ್ತು ಸಂಜೆ ಮನೆಗೆ ಬಂದು ಕಾಫಿ ಕುಡಿಯುತ್ತ ತೀರ್ಪು ಕೊಟ್ಟ. ಮುಂದಿನ ತಿಂಗಳಿನಿಂದ ಭಾವ ಕಾರಿನಲ್ಲಿ ಕೂರುವುದು ಬೇಡ, ಆಫೀಸಿನಲ್ಲಿ ಕೂತು ಬಂದವರಿಗೆ ರಸ್ತೆಯ ಚಿಹ್ನೆಗಳನ್ನು ಹೇಳಿಕೊಡಲಿ. ಫ್ಯಾನು ಇದೆ, ಮೆತ್ತನೆಯ ಕುರ್ಚಿ ಇದೆ, ವಯಸ್ಸೂ ಆಯಿತು. ಇವರು ತಲೆ ಅಲ್ಲಾಡಿಸಿದರು. ಇದು ಬಿಸಿಲು ನೆರಳಿನ ಮಾತಲ್ಲ, ಆ ಪಕ್ಕದ ಸೀಟಿನಿಂದ ನನ್ನನ್ನು ಎಬ್ಬಿಸಬೇಕಾದರೆ ನಾನು ನಿದ್ದೆ ಹೋಗಿದ್ದೆ ಎಂದು ಮೊದಲು ತೋರಿಸಿ, ನಾನು ಒತ್ತಿದ್ದು ನಿಜ, ಅಂದರು. ಅಣ್ಣ ನನ್ನ ಕಡೆ ತಿರುಗಿದ.

"ನೀನೇ ಹೇಳಮ್ಮ. ಇಷ್ಟು ವರ್ಷ ನಡುವಿನ ಪೆಡಲಿನ ಕತೆ ಹೇಳಿದವರ ಮಾತನ್ನ ಗೇಟಿನ ವಿಷಯಕ್ಕೆ ಹೆಂಗೆ ನಂಬೋದು?"

ಇವರು ನನ್ನ ಮುಖ ನೋಡಿದರು. ನಾನು ಮಿಷನ್ನಿನ ಮೇಲೆ ಬಗ್ಗಿ ಸೂಜಿಗೆ ದಾರ ಪೋಣಿಸುತ್ತಿದ್ದೆ. ದಾರ ಆಗಲೇ ಪೋಣಿಸಿ ಆಗಿತ್ತು.

ಆಮೇಲೆ ಇವರು ಮನೆಯಲ್ಲಿ ಆ ಕಾರಿನ ಮಾತು ಎತ್ತಲಿಲ್ಲ. ಎಷ್ಟೋ ವರ್ಷ ನಾನು ಬೇಡಿಕೊಂಡಿದ್ದ ಶಾಂತಿ ಮನೆಗೆ ಬಂತು, ಬಂದ ಮೇಲೆ ಅದರ ಜೊತೆ ಏನು ಮಾಡಬೇಕೆಂದು ನನಗೆ ತೋಚಲಿಲ್ಲ. ತಿಂಗಳು ಮುಗಿಯುತ್ತ ಬಂದಂತೆ ಇವರು ಬೆಳಗ್ಗೆ ಶೂ ಕಟ್ಟಿಕೊಳ್ಳಲು ಮೊದಲಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತಿದ್ದರು. ಆ ಸೀಟು ಒಂದು ಹೋದರೆ ಈ ಮನುಷ್ಯ ಏನಾಗುತ್ತಾರೋ ಎಂದು ಯೋಚಿಸುತ್ತ ಒಂದೇ ಹೊಲಿಗೆಯನ್ನು ಎರಡೆರಡು ಸಲ ಹಾಕುತ್ತಿದ್ದೆ. ಆದರೆ ಅಣ್ಣನ ಎದುರು ನಿಂತು ಏನೆಂದು ಹೇಳುವುದು? ನನಗೇ ನಂಬಿಕೆ ಇರಲಿಲ್ಲ.

ಅಣ್ಣನಿಗೆ ಸ್ಕೂಲಿಗೆ ಇನ್ನೊಂದು ಸೆಕೆಂಡ್ ಹ್ಯಾಂಡ್ ಕಾರು ಬೇಕಾಗಿತ್ತು. ಊರಾಚೆಯ ಗೋಡೌನುಗಳ ಹತ್ತಿರ ಒಬ್ಬರಿದ್ದಾರೆ, ಹಳೇ ಕಾರುಗಳನ್ನು ರಿಪೇರಿ ಮಾಡಿಸಿ ಶೂಟಿಂಗಿಗೆ ಬಾಡಿಗೆಗೆ ಕೊಡುತ್ತಾರೆ, ಅವರ ಬಳಿ ಒಂದು ಚಿಕ್ಕ ಕಾರು ಮಾರಾಟಕ್ಕಿದೆ ಎಂದು ಬ್ರೋಕರು ಹೇಳಿದ. ಒಂದು ಭಾನುವಾರ ಬೆಳಗ್ಗೆ ಗೇಟು ಮುರಿದ ಕಾರಿನಲ್ಲೇ ಹೊರಟೆವು. ಅದರ ಮೂತಿಯನ್ನು ಅಷ್ಟರಲ್ಲಿ ತಟ್ಟಿ ಸರಿ ಮಾಡಿದ್ದರು. ಅಣ್ಣ ಓಡಿಸುತ್ತಿದ್ದ, ಪಕ್ಕದಲ್ಲಿ ಇವರು. ಸೀಟಿನ ಕವರು ಹೊಲಿಯಲು ಅಳತೆ ತೆಗೆಯಬೇಕೆಂದು ನನ್ನನ್ನು ಹಿಂದೆ ಕೂರಿಸಿಕೊಂಡಿದ್ದರು. ಸ್ಕೂಲಿನ ಕಾರುಗಳಿಗೆಲ್ಲ ಬಟ್ಟೆ ತೊಡಿಸುವವಳು ನಾನೇ.

ಷೆಡ್ಡಿನ ಯಜಮಾನರು ನಲವತ್ತರ ಆಸುಪಾಸಿನವರು, ತಿಳಿ ಬಣ್ಣದ ಅಂಗಿಗೆ ಗ್ರೀಸು ಮೆತ್ತಿಕೊಂಡಿದ್ದರು. ಅಂಥ ಕಲೆ ಯಾವ ಸೋಪಿಗೂ ಹೋಗುವುದಿಲ್ಲ ಎಂದು ನನ್ನ ಕೈ ತುರಿಸಿತು. ತಗಡಿನ ಷೆಡ್ಡಿನಲ್ಲಿ ಏಳೆಂಟು ಕಾರುಗಳು ಟಾರ್ಪಾಲು ಹೊದ್ದು ನಿಂತಿದ್ದವು. ಮಾರಾಟದ ಕಾರು ಹೊರಗೆ ಅಂಗಳದಲ್ಲಿತ್ತು. ಅಣ್ಣ ಅದರ ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದ. ನಾನು ಹಿಂದಿನ ಸೀಟಿನಲ್ಲಿ ಮಂಡಿಯೂರಿ ಟೇಪು ಹಿಡಿದೆ. ಇವರಿಗೆ ಇಬ್ಬರ ಹತ್ತಿರವೂ ಕೆಲಸವಿರಲಿಲ್ಲ, ಕೈ ಹಿಂದೆ ಕಟ್ಟಿಕೊಂಡು ಷೆಡ್ಡಿನ ಒಳಗೆ ನಡೆದರು.

ಅಳತೆ ಮುಗಿದರೂ ಇವರ ಸದ್ದಿಲ್ಲ. ಹುಡುಕಿಕೊಂಡು ಹೋದೆ. ಷೆಡ್ಡಿನ ಕೊನೆಯಲ್ಲಿ ಒಂದು ಟಾರ್ಪಾಲಿನ ಮೂಲೆಯನ್ನು ಎತ್ತಿ ಹಿಡಿದು ನಿಂತಿದ್ದರು. ಟಾರ್ಪಾಲಿನ ಕೆಳಗೆ ಕಡು ಹಸಿರು ಬಣ್ಣ ಕಂಡಿತು, ಆಮೇಲೆ ಹತ್ತಿ ನಿಲ್ಲುವ ಹಲಗೆ, ಆಮೇಲೆ ಹೊರಗೆ ಚಾಚಿದ ಒಂದು ದೀಪ.

"ಬಾರೇ ಇಲ್ಲಿ," ಅಂದರು. ಆ ದನಿಯನ್ನು ನಾನು ಅವರ ಬಾಯಿಂದ ಮಗಳು ಹುಟ್ಟಿದಾಗ ಒಮ್ಮೆ ಕೇಳಿದ್ದೆ.

ಷೆಡ್ಡಿನವರು ಓಡಿ ಬಂದು ಟಾರ್ಪಾಲು ತೆಗೆದರು. ಇವರು ಹಿಂದಿನ ಬಾಗಿಲು ತೆಗೆದು, ನೋಡದೆಯೇ ಮುಂದಿನ ಸೀಟಿನ ಬೆನ್ನಿನ ಮೇಲೆ ಕೈ ಆಡಿಸಿದರು. ಅಲ್ಲಿ ಹಿತ್ತಾಳೆಯ ಒಂದು ಕೊಕ್ಕೆ ಇತ್ತು. ಡಾಕ್ಟರಮ್ಮನ ಬ್ಯಾಗು ತಿರುವುಗಳಲ್ಲಿ ಜಾರಿ ಬೀಳುತ್ತಿತ್ತು, ಅದಕ್ಕೆ ನಾನೇ ಹಾಕಿದ ಕೊಕ್ಕೆ ಇದು, ಅಂದರು. ಷೆಡ್ಡಿನವರಿಗೆ ಖುಷಿಯೋ ಖುಷಿ. ಅದು ಯಾಕಿದೆ ಎಂದು ಯಾರಿಗೂ ಗೊತ್ತಾಗಿರಲಿಲ್ಲವಂತೆ, ಕಿತ್ತರೆ ಚರ್ಮ ಹರಿಯುತ್ತದೆಂದು ಬಿಟ್ಟಿದ್ದರಂತೆ. ಇದರ ಹಳೇ ಡ್ರೈವರು ಸಿಕ್ಕಿದ ಮೇಲೆ ಸುಮ್ಮನೆ ಕಳಿಸುವುದುಂಟೇ, ಅಂಗಳದವರೆಗಾದರೂ ನೀವೇ ಓಡಿಸಬೇಕು ಎಂದು ಬ್ಯಾಟರಿ ತರಲು ಹಿಂದಿನ ಕೋಣೆಗೆ ಹೋದರು.

ಅಣ್ಣ ಕಾರಿಗೆ ಒಂದು ಸುತ್ತು ಹಾಕಿದ. ಕಾರು ಇದೆ ಎನ್ನುವುದೇ ಅವನಿಗೆ ಅರ್ಧ ಸೋಲು, ಆದರೆ ಇನ್ನರ್ಧ ಉಳಿದಿತ್ತಲ್ಲ. "ಭಾವ, ನಿಮ್ಮ ಕಾರು ಸಿಕ್ತು, ಸಂತೋಷ. ಎಲ್ಲಿ, ಆ ನಡುವಿನ ಪೆಡಲು ತೋರಿಸಿ," ಅಂದ. ಬಾಗಿಲಿನಿಂದ ಬಗ್ಗಿ ಕೆಳಗೆ ನೋಡಿದ. ಕತ್ತಲಲ್ಲಿ ಮೂರು ದುಂಡು ಬಿಲ್ಲೆಗಳು, ಮೂರೂ ಒಂದೇ ಥರ. ಯಾವುದು ಏನೆಂದು ನೋಡಿದವರಿಗೆ ತಿಳಿಯುವ ಹಾಗಿರಲಿಲ್ಲ. ಇವರು ಬಗ್ಗಲೂ ಇಲ್ಲ. ನೋಡೋದೇನು ಭಾವ, ಓಡಿಸಿ ತೋರಿಸ್ತೀನಿ ಎಂದು ಹತ್ತಿ ಕೂತರು.

ಕೂತ ಕೂಡಲೇ ಇವರ ಬೆನ್ನು ನೆಟ್ಟಗಾಯಿತು. ಷೆಡ್ಡಿನವರು ಬ್ಯಾಟರಿ ಜೋಡಿಸಿ ಎಂಜಿನ್ನು ಶುರು ಮಾಡಿಕೊಟ್ಟು ಅಂಗಳದ ಗೇಟು ಹಾಕಲು ಹೋದರು. ಅನುಭವಸ್ಥ ಡ್ರೈವರಿಗೆ ಹೇಳಿಕೊಡುವುದೇನಿದೆ ಎಂದುಕೊಂಡಿರಬೇಕು. ಇವರು ಎಡಗಾಲು ಒತ್ತಿ ಗೇರು ಹಾಕಿದರು. ಕಣ್ಣು ನೇರ ಮುಂದೆ, ಗಲ್ಲ ಮೇಲೆ. ಜೀವಮಾನವಿಡೀ ಯಾರಿಗೂ ಕಾಲು ನೋಡಲು ಬಿಡದವರು ತಾವು ನೋಡಿಕೊಂಡಾರೆಯೇ? ಕ್ಲಚ್ಚು ಬಿಡುತ್ತ ನಡುವಿನ ಪೆಡಲನ್ನು ಮೆತ್ತಗೆ ಒತ್ತಿದರು. ಕಾರು ಒಮ್ಮೆ ನರಳಿ ಆರಿಹೋಯಿತು. ಬ್ಯಾಟರಿ ಸೋತಿದೆ ಅಂದರು. ಮತ್ತೆ ಶುರು ಮಾಡಿ ಮತ್ತೆ ನಡುವಿನದನ್ನು ಒತ್ತಿದರು. ಮತ್ತೆ ಆರಿತು. ಅಣ್ಣ ಕೆಮ್ಮಿದ. ಅದು ಕೆಮ್ಮಲ್ಲ ಎಂದು ನಮಗೆ ಮೂವರಿಗೂ ಗೊತ್ತಿತ್ತು.

ಮೂರನೆಯ ಸಲ ಇವರು ಬೇರೆ ಯಾವ ಪೆಡಲನ್ನೂ ಮುಟ್ಟದೆ ಕ್ಲಚ್ಚನ್ನು ಮಾತ್ರ ಬಿಟ್ಟರು. ನೆಲ ಸ್ವಲ್ಪ ಇಳಿಜಾರು, ಕಾರು ತಾನಾಗಿಯೇ ತೆವಳಿಕೊಂಡು ಷೆಡ್ಡಿನ ಹೊರಗೆ ಬಿಸಿಲಿಗೆ ಬಂತು. ನಾನು ಪಕ್ಕದಲ್ಲೇ ನಡೆಯುತ್ತಿದ್ದೆ. ಇವರ ಮುಖ ಎಷ್ಟು ಎಳೆಯದಾಗಿ ಕಂಡಿತೆಂದರೆ ಆ ವಯಸ್ಸಿನಲ್ಲಿ ಇವರನ್ನು ನೋಡದೇ ಹೋದೆನಲ್ಲ ಎಂದು ನನಗೆ ಹೊಟ್ಟೆಕಿಚ್ಚಾಯಿತು. ಎದುರಿಗೆ ಹಳೇ ಟೈರುಗಳ ರಾಶಿ ಬಂತು. ನಿಲ್ಲಿಸಬೇಕು. ಇವರು ಯಾವ ಆತುರವೂ ಇಲ್ಲದೆ, ಬಹಳ ಗೊತ್ತಿರುವವರ ಹಾಗೆ, ಬಲಗಡೆಯ ಪೆಡಲನ್ನು ಪೂರ್ತಿ ಒತ್ತಿದರು.

ಕಾರು ಹಾರಿ ಟೈರುಗಳ ರಾಶಿಯೊಳಗೆ ಮೂಗು ತೂರಿಸಿ ನಿಂತಿತು. ಮೇಲಿನ ಎರಡು ಟೈರು ಉರುಳಿಕೊಂಡು ಅಂಗಳದ ಆ ತುದಿಗೆ ಹೋದವು.

"ನೋಡಿದ್ಯಾ?" ಅಂದ ಅಣ್ಣ ನನಗೆ. "ಗೇಟಿಗೂ ಹಿಂಗೇ ಆಗಿದ್ದು. ಬ್ರೇಕ್ ಯಾವುದು, ಆಕ್ಸಿಲರೇಟರ್ ಯಾವುದು ಗೊತ್ತಾಗ್ತಿಲ್ಲ ಇವರಿಗೆ."

ಇವರು ಕೂತಲ್ಲಿಂದ ಏಳಲಿಲ್ಲ. ತಲೆ ತಗ್ಗಿಸಿ ತಮ್ಮ ಕಾಲನ್ನು ನೋಡುತ್ತಿದ್ದರು. "ಇದು ಹಿಂಗಿರಲಿಲ್ಲ," ಅಂದರು, ಅದೂ ಗಟ್ಟಿಯಾಗಿ ಅಲ್ಲ. ಅಣ್ಣ ಬಿಡಿ ಭಾವ, ಬಿಡಿ ಎಂದು ಬಾಗಿಲು ತೆಗೆದ. ಅವನ ದನಿಯಲ್ಲಿ ಕರುಣೆ ಬಂದುಬಿಟ್ಟಿತ್ತು. ಅವನು ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ ನನಗೆ.

ಷೆಡ್ಡಿನವರು ಗೇಟಿನ ಕಡೆಯಿಂದ ಓಡಿ ಬಂದರು. ಇಷ್ಟು ಅಪರೂಪದ ಕಾರು, ಈಗ ಮುಗಿಯಿತು ನಮ್ಮ ಕತೆ ಎಂದುಕೊಂಡೆ. ಅವರು ಬಂಪರನ್ನು ಒಮ್ಮೆ ಸವರಿ ನೋಡಿದರು, ಏನೂ ಆಗಿರಲಿಲ್ಲ. ನೇರವಾಗಿ ಇವರ ಹತ್ತಿರ ಬಂದು ಕೈ ಹಿಡಿದುಕೊಂಡರು.

"ಸರ್, ತಪ್ಪು ನನ್ನದು. ನೀವು ಇದನ್ನ ಆ ಕಾಲದಲ್ಲಿ ಓಡಿಸಿದವರು, ಮೊದಲೇ ಹೇಳಬೇಕು ಅಂತ ನನಗೆ ಹೊಳೀಲಿಲ್ಲ."

ಆಮೇಲೆ ವಿಷಯ ಬಿಡಿಸಿ ಹೇಳಿದರು. ಕಾರು ತಮ್ಮ ಕೈಗೆ ಬಂದಾಗ ಇದರ ಆಕ್ಸಿಲರೇಟರು ನಡುವೆ ಇತ್ತಂತೆ. ಶೂಟಿಂಗಿನ ಡ್ರೈವರು ಒಬ್ಬ ಗೋಡೆಗೆ ಗುದ್ದಿದ, ಇನ್ನೊಬ್ಬ ಕ್ಯಾಮರಾದವರ ಮೇಲೇ ಹೋದ. ಯಾರೂ ಹತ್ತಲು ಒಪ್ಪದೆ ಹೋದಾಗ ಮೆಕ್ಯಾನಿಕ್ಕಿಗೆ ಹೇಳಿ ಪೆಡಲುಗಳನ್ನು ಅದಲು ಬದಲು ಮಾಡಿಸಿದರಂತೆ, ಎಲ್ಲ ಕಾರುಗಳ ಹಾಗೆ. "ಎಷ್ಟೋ ಜನ ಓಡಿಸಿದಾರೆ ಸರ್ ಆಮೇಲೆ. ನಿಲ್ಲಿಸೋಕೆ ಅಂತ ಬಲಗಡೆ ಒತ್ತಿದವರು ನೀವೊಬ್ರೇ," ಅಂದರು.

ಅಣ್ಣ ತಲೆ ತಗ್ಗಿಸಿದ. ಅವನ ಹುಟ್ಟಿನಿಂದ ಅವನನ್ನು ಬಲ್ಲವಳಲ್ಲ ನಾನು, ಕಿರಿಯಳು, ಆದರೂ ನಾನು ಬಲ್ಲ ಕಾಲದಲ್ಲಿ ಇದು ಮೊದಲು. ನನಗೆ ಅಳು ಬಂತು. ಅದರ ಹಿಂದೆಯೇ ಸಿಟ್ಟೂ ಬಂತು. ಅದು ಯಾರ ಮೇಲೆ ಬಂದ ಸಿಟ್ಟು ಎಂದು ವಿಚಾರಿಸುತ್ತ ಕೂರುವ ವ್ಯವಧಾನ ಇರಲಿಲ್ಲ. ಹತ್ತಿರದಲ್ಲಿ ಅಣ್ಣ ನಿಂತಿದ್ದ, ಅವನ ಮೇಲೆ ಹಾಕಿದೆ.

"ಅಣ್ಣ, ಹಾಗಾದ್ರೆ ಹಂಪ್ ಹಾರಿದ ಮೇಲೆ ಬ್ರೇಕ್ ಹಿಡಿಯಲ್ಲ ಅಂದದ್ದೂ ನಿಜ ಇರಬೇಕಲ್ಲ. ಅಂಗಳದಲ್ಲಿ ಸುತ್ತು ಹೊಡೆದ್ಯಲ್ಲ, ಒಂದು ಸಲ ಹಂಪ್ ಹಾರಿಸಿ ನೋಡಿದ್ಯಾ?"

ನೋಡಿರಲಿಲ್ಲ. ಅವರು ಹಂಪ್ ಎಂದೇ ಹೇಳಿದ್ದರು, ನಮ್ಮ ಕಿವಿಗೆ ಅದು ನಡುವಿನ ಪೆಡಲು ಎಂದೇ ಬಿದ್ದಿತ್ತು. ಕತೆ ಹೇಳುವವರ ಮಾತಿನ ಹಿಂದೆ ಕಾರು ತೆಗೆದುಕೊಂಡು ಹೋಗಿ ಯಾರು ಪರೀಕ್ಷೆ ಮಾಡುತ್ತಾರೆ?

ಮಾರಾಟದ ಕಾರಿನ ಮಾತನ್ನು ಅಲ್ಲಿಗೇ ಬಿಟ್ಟು ಹೊರಟೆವು. ಷೆಡ್ಡಿನವರು ಇವರಿಗೆ ಯಾವಾಗ ಬೇಕಾದರೂ ಬನ್ನಿ ಅಂದರು. ಅಣ್ಣ ಓಡಿಸುತ್ತಿದ್ದ, ಇವರು ಪಕ್ಕದಲ್ಲಿ, ನಾನು ಹಿಂದೆ. ಗೋಡೌನುಗಳ ರಸ್ತೆ ಭಾನುವಾರ ಖಾಲಿ. ಅಣ್ಣ ಕಾರನ್ನು ನಿಧಾನ ಮಾಡಿ, "ಒತ್ತಿ ಭಾವ," ಅಂದ. ಇವರು ತಮ್ಮ ಕಾಲ ಕೆಳಗಿನ ಬ್ರೇಕು ಒತ್ತಿದರು, ಕಾರು ಗಕ್ಕನೆ ನಿಂತಿತು. ಅಣ್ಣನ ಹೆಗಲು ಸ್ವಲ್ಪ ಮೇಲೆದ್ದಿತು. ಮುಂದೆ ಲಾರಿ ನಿಲ್ಲುವ ಕಡೆ ಒಂದು ಹಂಪ್ ಇತ್ತು. ದಡಕ್ಕೆಂದು ಹಾರಿಸಿದ.

"ಈಗ ಒತ್ತಿ."

"ಒತ್ತಿದೀನಿ."

ಕಾರು ತನ್ನ ಪಾಡಿಗೆ ತಾನು ಹೋಗುತ್ತಿತ್ತು. ನಾನು ಮುಂದಕ್ಕೆ ಬಗ್ಗಿ ನೋಡಿದೆ. ಇವರ ಕಾಲು ನೆಲಕ್ಕೆ ಅಂಟಿತ್ತು. ಅಣ್ಣ ತನ್ನ ಬ್ರೇಕಿನಿಂದ ಕಾರನ್ನು ಮರದ ಕೆಳಗೆ ನಿಲ್ಲಿಸಿ, ಇಳಿದು ಬಂದು, ಇವರ ಕಾಲ ಹತ್ತಿರ ತಲೆ ತೂರಿಸಿದ. ಕೇಬಲ್ಲಿನ ಕೊಕ್ಕೆ ಕಳಚಿ ನೇತಾಡುತ್ತಿತ್ತು. ಪೆಡಲನ್ನು ಅಲ್ಲಾಡಿಸಿದರೆ ತಾನೇ ಹೋಗಿ ಸಿಕ್ಕಿಕೊಂಡಿತು, ಅಂಗಳದಲ್ಲಿ ಪ್ರತಿ ಸಲ ಹಿಡಿದದ್ದು ಅದಕ್ಕೇ. ಅವನು ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿದ್ದ. ಎದ್ದಾಗ ಮುಖ ಕೆಂಪಾಗಿತ್ತು, ಬಗ್ಗಿದ್ದಕ್ಕೇ ಇರಬಹುದು.

ಮತ್ತೆ ಸ್ಟೇರಿಂಗಿನ ಮುಂದೆ ಬಂದು ಕೂತು, ರಸ್ತೆಯನ್ನು ನೋಡುತ್ತ, "ಭಾವ, ನಾಳೆ ಕೇಬಲ್ ಹೊಸದು ಹಾಕಿಸ್ತೀನಿ. ಬೆಳಗಿನ ಬ್ಯಾಚ್ ನಿಮ್ಮದೇ," ಅಂದ. ನನ್ನ ಅಣ್ಣನ ಮಟ್ಟಿಗೆ ಇದು ಅಡ್ಡ ಬಿದ್ದದ್ದಕ್ಕೆ ಸಮ. ನನಗೆ ಕುಣಿಯುವಷ್ಟು ಸಂತೋಷವಾಯಿತು. ಹಿಂದಿನಿಂದ ಇವರ ಭುಜ ತಿವಿದೆ, ಹೂಂ ಅನ್ನಿ ಎಂದು.

"ಬೇಡ ಭಾವ," ಅಂದರು ಇವರು.

ಕೋಪ ಮಾಡಿಕೊಂಡಿದ್ದಾರೆ ಎಂದು ಅಣ್ಣನೂ ತಿಳಿದ, ನಾನೂ ತಿಳಿದೆ. ಕೋಪವೇನೂ ಇರಲಿಲ್ಲ. ಶಾಂತವಾಗಿಯೇ ಹೇಳಿದರು.

"ಅವತ್ತು ನಾನು ಒತ್ತಿದ್ದು ಬ್ರೇಕೇ, ಅದರಲ್ಲಿ ಅನುಮಾನ ಇಲ್ಲ. ಆದ್ರೆ ಇವತ್ತು ನನ್ನ ಕಾಲು ನನ್ನನ್ನ ಕೇಳಲೇ ಇಲ್ಲ. ಎರಡು ಸಲ ಕಾರು ಆರಿಹೋಯ್ತು, ಆಗಲಾದ್ರೂ ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲ. ಯಾರೋ ಹೊಸಬರು ಗಾಬರಿಯಿಂದ ನನ್ನ ನಂಬ್ಕೊಂಡು ಪಕ್ಕದಲ್ಲಿ ಕೂತಿರ್ತಾರೆ. ಆಗ ಈ ಕಾಲು ಎಲ್ಲಿಗೆ ಹೋಗುತ್ತೋ ನನಗೆ ಗೊತ್ತಿಲ್ಲ."

ಅದು ಆ ಕಾರಿನ ಅಭ್ಯಾಸ, ಈ ಕಾರಿನಲ್ಲಿ ಯಾಕಾಗುತ್ತೆ ಎಂದು ನಾನು ಜಗಳಕ್ಕೆ ನಿಂತೆ. ಇಷ್ಟು ವರ್ಷ ಒಂದು ದಿನವಾದರೂ ಆಗಿದೆಯಾ ಎಂದು ಕೇಳಿದೆ. ಅಣ್ಣನೂ ದನಿ ಸೇರಿಸಿದ, ಭಾವ ನಿಮ್ಮಂಥವರು ನನಗೆ ಎಲ್ಲಿ ಸಿಗ್ತಾರೆ ಅಂದ. ತಿಂಗಳಿಡೀ ಅವರನ್ನು ಆ ಸೀಟಿನಿಂದ ಎಬ್ಬಿಸಲು ನೋಡಿದವನು ಈಗ ಕೂರಿಸಲು ಬೇಡಿಕೊಳ್ಳುತ್ತಿದ್ದ. ನಾವು ಹೇಳುತ್ತಾ ಹೇಳುತ್ತಾ ನಮ್ಮಷ್ಟಕ್ಕೆ ಸುಮ್ಮನಾದೆವು. ಬೆಳಗ್ಗೆ ಆಗಿದ್ದರೆ ಇದನ್ನೂ ಒಂದು ಕತೆ ಎಂದು ನಕ್ಕು ತಳ್ಳಿಹಾಕುತ್ತಿದ್ದೆವು. ಈ ಮನುಷ್ಯ ಸುಳ್ಳು ಹೇಳುವವರಲ್ಲ ಎಂದು ಈಗಷ್ಟೇ ಇಬ್ಬರೂ ಒಪ್ಪಿಕೊಂಡಿದ್ದೆವಲ್ಲ, ಇದನ್ನು ಮಾತ್ರ ಸುಳ್ಳು ಅನ್ನುವುದು ಹೇಗೆ?

ಇವರು ಬೆಲ್ಟು ಬಿಚ್ಚಿ ಕೆಳಗಿಳಿದರು. ಹಿಂದಿನ ಬಾಗಿಲು ತೆಗೆದರು. ನಮ್ಮ ಮದುವೆಯಾದ ಮೇಲೆ ಇವರು ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಬಗ್ಗಿ ಒಳಗೆ ಬರಲು ಕಷ್ಟವಾಯಿತು, ಕೈ ಕೊಟ್ಟೆ. ಅಣ್ಣ ಮುಂದೆ ಒಬ್ಬನೇ ಬಾಡಿಗೆ ಡ್ರೈವರಿನ ಹಾಗೆ ಕೂತು ಎಂಜಿನ್ನು ಶುರು ಮಾಡಿದ.

"ಸ್ವಲ್ಪ ಜರುಗೇ," ಅಂದರು.

ನಾನು ಜರುಗಿದೆ.